ಮೊದಲ ಕಿಲ್ಟಿನ ಅಳತೆ

ಐರ್ಲೆಂಡಿನ ಕಾರ್ಕ್‌ನಲ್ಲಿ ಮನೆಯಿಂದಲೇ ಹೊಲಿಗೆ ಕೆಲಸ ಶುರು ಮಾಡಿರುವ ನಮ್ಮ ಕಡೆಯ ಇಬ್ಬರು ಹೆಣ್ಣುಮಕ್ಕಳು ಹೋದ ತಿಂಗಳು ನನ್ನನ್ನು ನೋಡಲು ಬಂದಿದ್ದರು. ಬ್ಲೌಸು, ಲಂಗ, ಪ್ಯಾಂಟಿನ ತುದಿ ಮಡಿಸುವುದು ಅವರಿಗೆ ಚೆನ್ನಾಗಿ ಬರುತ್ತದೆ. ಇತ್ತೀಚೆಗೆ ಇಲ್ಲಿಯವರು ಬಂದು ಕಿಲ್ಟ್ ಹೊಲಿದುಕೊಡುತ್ತೀರಾ ಎಂದು ಕೇಳುತ್ತಿದ್ದಾರಂತೆ. ಅಳತೆ ಹೇಗೆ ತೆಗೆದುಕೊಳ್ಳಬೇಕು ಆಂಟಿ ಎಂದು ಕೇಳಿದರು. ಕಾಫಿ ಕುಡಿಯುತ್ತ ಬಾಯಿಮಾತಿನಲ್ಲಿ ಒಂದಷ್ಟು ಹೇಳಿದೆ. ಅವರು ಬರೆದುಕೊಂಡು ಹೋದರು. ಬಾಗಿಲು ಹಾಕಿಕೊಂಡು ಬಂದು ಕೂತ ಮೇಲೆ, ಹೇಳಲೇಬೇಕಾಗಿದ್ದ ಒಂದು ವಿಷಯವನ್ನು ನಾನು ಹೇಳಲೇ ಇಲ್ಲ ಎನ್ನುವುದು ಮನಸ್ಸಿಗೆ ಬಂತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ವಿಮಲಾ. ಮೈಸೂರಿನಲ್ಲಿ ಇಪ್ಪತ್ತು ವರ್ಷ ಹೆಂಗಸರ ಬಟ್ಟೆ, ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿದವಳು. ನಮ್ಮ ಯಜಮಾನರಿಗೆ ಕಾರ್ಕಿನ ಹತ್ತಿರದ ರಿಂಗಾಸ್ಕಿಡಿಯ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಈ ಊರಿಗೆ ಬಂದೆ. ಬಂದು ಮೂರು ವರ್ಷಕ್ಕೆ ನೊರೀನ್ ಎಂಬ ಹೆಂಗಸಿನ ಕಿಲ್ಟ್ ಅಂಗಡಿಗೆ ಸೇರಿದೆ. ಅಲ್ಲೇ ಹತ್ತೊಂಬತ್ತು ವರ್ಷ ಕಳೆಯಿತು.

ಕಿಲ್ಟ್ ಎಂದರೆ ಗಂಡಸರು ಉಡುವ, ಮೊಣಕಾಲಿನವರೆಗೆ ಬರುವ ದಪ್ಪ ಉಣ್ಣೆಯ ಉಡುಪು. ಮುಂದೆ ಎರಡು ಪದರ ಒಂದರ ಮೇಲೊಂದು ಬರುತ್ತದೆ, ಹಿಂದೆ ಪೂರ್ತಿ ನೆರಿಗೆ. ಒಂದು ಕಿಲ್ಟಿಗೆ ಸುಮಾರು ಎಂಟು ಗಜ ಬಟ್ಟೆ ಹೋಗುತ್ತದೆ. ಪೃಷ್ಠದಿಂದ ಸೊಂಟದವರೆಗೆ ಒಂದೊಂದು ನೆರಿಗೆಯನ್ನೂ ಸಣ್ಣದು ಮಾಡುತ್ತ ಕೈಯಲ್ಲಿ ಹೊಲಿಯಬೇಕು. ಹಾಗಾಗಿ ಸೊಂಟದ ಅಳತೆ ಎರಡು ಇಂಚಿಗಿಂತ ಹೆಚ್ಚು ತಪ್ಪಿದರೆ ಸೊಂಟದ ಪಟ್ಟಿಯ ಬಕಲ್ ಜರುಗಿಸಿ ಸರಿಮಾಡಲು ಆಗುವುದಿಲ್ಲ. ಎಲ್ಲ ನೆರಿಗೆ ಬಿಚ್ಚಿ ಮೊದಲಿನಿಂದ ಹೊಲಿಯಬೇಕು.

ಮೊದಲ ದಿನ ನನಗೆ ಅಳತೆಗೆ ಸಿಕ್ಕಿದವನು ಆರೂಕಾಲು ಅಡಿಯ ಆಳು. ಮೈಸೂರಿನಲ್ಲಿ ನಾನು ಹೆಂಗಸರು, ಮಕ್ಕಳನ್ನು ಬಿಟ್ಟು ಯಾರ ಅಳತೆಯನ್ನೂ ತೆಗೆದವಳಲ್ಲ. ಟೇಪಿನ ತುದಿ ಹಿಡಿದುಕೊಂಡು ಒಂದು ಮಾರು ದೂರದಲ್ಲಿ ನಿಂತಿದ್ದೆ. ನೊರೀನ್ ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, "ವಿಮ್ಲಾ, ಅವನನ್ನ ಒಂದು ಗೋಡೆ ಅಂದ್ಕೋ. ಗೋಡೆಗೆ ನಾಚಿಕೆ ಆಗಲ್ಲ, ನೀನು ಯಾಕೆ ನಾಚ್ಕೋತೀಯ?" ಎಂದಳು. ಆ ಆಳು ಗಟ್ಟಿಯಾಗಿ ನಕ್ಕುಬಿಟ್ಟ. ನಾನು ಹತ್ತಿರ ಹೋಗಿ ಟೇಪು ಸುತ್ತಿದೆ. ಅವಳು ಹೇಳುತ್ತಿದ್ದುದು ಇಂಗ್ಲಿಷಿನಲ್ಲೇ, ಅದೂ ಕಾರ್ಕಿನ ರಾಗದ ಇಂಗ್ಲಿಷಿನಲ್ಲಿ. ಆದರೆ ಅವಳ ಮಾತು ನನಗೆ ಇವತ್ತಿಗೂ ಕನ್ನಡದಲ್ಲೇ ನೆನಪಿಗೆ ಬರುತ್ತದೆ.

ಅವಳು ಕಲಿಸಿದ್ದು ಇಷ್ಟು. ಪ್ಯಾಂಟಿನ ಸೊಂಟ ಬೇರೆ, ಕಿಲ್ಟಿನ ಸೊಂಟ ಬೇರೆ. ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿ ಕೂರುತ್ತದೆ, ಕಿಲ್ಟು ಹೊಕ್ಕುಳ ಮಟ್ಟಕ್ಕೆ ಅಥವಾ ಅದಕ್ಕಿಂತ ಒಂದು ಬೆರಳು ಮೇಲೆ ಕೂರುತ್ತದೆ. ಅಲ್ಲಿ ಟೇಪು ಸುತ್ತಿ, ಒಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಬಿಡಬೇಕು. ಆಮೇಲೆ ಪೃಷ್ಠ ತುಂಬಿರುವ ಕಡೆ ಒಂದು ಸುತ್ತು. ಉದ್ದ ಹೊಕ್ಕುಳ ಮಟ್ಟದಿಂದ ಮೊಣಕಾಲ ಚಿಪ್ಪಿನ ನಡುವಿನವರೆಗೆ. ಆಗ ಅವನು ಬಗ್ಗಿ ಕೆಳಗೆ ನೋಡಬಾರದು, ನೋಡಿದರೆ ಅಳತೆ ಕೆಡುತ್ತದೆ. ತನ್ನ ಅಳತೆ ತಾನೇ ತೆಗೆದುಕೊಳ್ಳಲೂ ಬಾರದು. ಇನ್ನೊಂದು ಮಾತನ್ನು ಅವಳು ಮತ್ತೆ ಮತ್ತೆ ಹೇಳುತ್ತಿದ್ದಳು: ಸಂಖ್ಯೆಯನ್ನು ಗಿರಾಕಿಯ ಎದುರು ಜೋರಾಗಿ ಓದಬೇಡ. ಹೊಟ್ಟೆ ಬಂದವನಿಗೆ ಅದು ನೋವಾಗುತ್ತದೆ. ಮನಸ್ಸಿನಲ್ಲೇ ಇಟ್ಟುಕೊಂಡು ಬರೆದುಕೋ.

ಎರಡನೇ ವರ್ಷ ನಾನೊಂದು ದೊಡ್ಡ ತಪ್ಪು ಮಾಡಿದೆ. ಅಂಚೆ ಬಟವಾಡೆ ಮಾಡುವ ಒಬ್ಬ ಬಡಪಾಯಿ ಮನುಷ್ಯ, ಕಿಲ್ಟ್ ಉಟ್ಟು ಗಾಳಿಚೀಲದ ಪೈಪ್ ವಾದ್ಯ ನುಡಿಸುವ ಬ್ಯಾಂಡಿಗೆ ಹೊಸದಾಗಿ ಸೇರಿದ್ದವನು, ಮೊದಲ ಕಿಲ್ಟ್ ಬೇಕೆಂದು ಫೋನ್ ಮಾಡಿದ. ಸೊಂಟ ಎಷ್ಟು ಎಂದೆ. ಮೂವತ್ತಾರು ಎಂದ. ಮೂವತ್ತಾರೇ ಬರೆದೆ. ಮಾರ್ಚಿನಲ್ಲಿ ಇಲ್ಲಿಯವರು ಮಾಡುವ ದೊಡ್ಡ ಹಬ್ಬದ ಮೆರವಣಿಗೆಗೆ ಮೂರು ದಿನ ಇರುವಾಗ ಉಟ್ಟು ನೋಡಲು ಬಂದರೆ ಮುಂದಿನ ಎರಡು ಪದರ ಒಂದನ್ನೊಂದು ಮುಟ್ಟಲೂ ಇಲ್ಲ. ಹೊಕ್ಕುಳ ಮಟ್ಟದಲ್ಲಿ ಅವನು ನಲವತ್ತೊಂದು ಇದ್ದ. ಕನ್ನಡಿಯ ಮುಂದೆ ನಿಂತು, "ಪರವಾಗಿಲ್ಲ, ನಾನು ಈ ವರ್ಷ ರಸ್ತೆ ಬದಿ ನಿಂತೇ ನೋಡ್ತೀನಿ" ಎಂದ. ಅವನ ಮುಖ ನೋಡಲು ನನ್ನಿಂದ ಆಗಲಿಲ್ಲ. ನೊರೀನೂ ನಾನೂ ಎದುರುಬದುರು ಕೂತು ಎಲ್ಲ ನೆರಿಗೆ ಬಿಚ್ಚಿದೆವು, ಮಡಿಕೆಯ ಒಳಗಿನ ಬಟ್ಟೆ ಎಳೆದು ಮತ್ತೆ ಹೊಲಿದೆವು. ಅವನು ಮೆರವಣಿಗೆಯಲ್ಲಿ ನಡೆದ. ನೊರೀನ್ ನನ್ನನ್ನು ಬೈಯಲಿಲ್ಲ. "ಅವನು ಹೇಳಿದ್ದು ಅವನ ಪ್ಯಾಂಟಿನ ವಿಷಯ. ನೀನು ನೋಡ್ಬೇಕಾಗಿದ್ದು ಅವನನ್ನ" ಎಂದಳು, ಅಷ್ಟೇ.

ಅವತ್ತಿನಿಂದ ಗಿರಾಕಿ ಹೇಳುವ ಸಂಖ್ಯೆಯನ್ನು ನಂಬಬಾರದು ಎಂಬ ಪಾಠ ನನ್ನ ತಲೆಯಲ್ಲಿ ಕೂತಿತು. ಎಷ್ಟು ಭದ್ರವಾಗಿ ಕೂತಿತೆಂದರೆ, ಹದಿನೈದು ವರ್ಷವಾದ ಮೇಲೆ ಅದೇ ಪಾಠ ನನ್ನ ಕೈಯಿಂದ ಇದಕ್ಕಿಂತ ದೊಡ್ಡ ತಪ್ಪು ಮಾಡಿಸಿತು.

ಕೊರೊನಾ ಬಂದ ವರ್ಷ, ಇನ್ನೂ ಯಾರಿಗೂ ಅದರ ಬಿಸಿ ತಟ್ಟಿರದಿದ್ದ ಫೆಬ್ರವರಿಯಲ್ಲಿ, ರಘುನಾಥ್ ಮತ್ತು ಸುಧಾ ಅಂಗಡಿಗೆ ಬಂದರು. ಊರ ಪಕ್ಕದ ಲಿಟಲ್ ಐಲ್ಯಾಂಡಿನ ಒಂದು ಪ್ರಯೋಗಾಲಯದಲ್ಲಿ ರಘುನಾಥರಿಗೆ ಕೆಲಸ. ಬೆಂಗಳೂರಿನಿಂದ ಬಂದು ನೆಲೆಸಿದ್ದವರು. ಯುಗಾದಿ, ದೀಪಾವಳಿಗೆ ಕನ್ನಡದವರು ಸೇರಿದಾಗ ನೋಡಿ ಪರಿಚಯವಿತ್ತು. ಅವರ ಒಬ್ಬಳೇ ಮಗಳು ಮೇಘನಾಳಿಗೆ ಕಾನರ್ ಎಂಬ ಐರಿಶ್ ಹುಡುಗನ ಜೊತೆ ಆ ಬೇಸಗೆಗೆ ಮದುವೆ ಗೊತ್ತಾಗಿತ್ತು. ಹುಡುಗನ ಮನೆಯಲ್ಲಿ ಮೂರು ತಲೆಮಾರಿನಿಂದ ಪೈಪ್ ನುಡಿಸುವವರು. ಮದುವೆಗೆ ಗಂಡಸರೆಲ್ಲ ಕೇಸರಿ ಬಣ್ಣದ ಕಿಲ್ಟ್ ಉಡುವುದು ಅವರ ಪದ್ಧತಿ. ಹುಡುಗನ ಅಪ್ಪ ರಘುನಾಥರಿಗೆ, ನೀವೂ ನಮ್ಮ ಸಾಲಿನಲ್ಲಿ ನಿಲ್ಲಬೇಕು ಎಂದಿದ್ದನಂತೆ.

"ಮೇಘನಂಗೆ ಗೊತ್ತಿಲ್ಲ ಅಕ್ಕ, ಅವತ್ತೇ ನೋಡ್ಲಿ ಅಂತ" ಎಂದರು ರಘುನಾಥ್. ಬಟ್ಟೆಯ ತುಂಡು ಕೈಗೆ ಕೊಟ್ಟೆ. ಅದನ್ನು ಬೆಳಕಿಗೆ ಹಿಡಿದು, "ನೋಡೇ ಸುಧಾ, ಮಗಳ ಮದ್ವೇಲಿ ಕಾವಿ ಉಡೋ ಅಪ್ಪ ನಾನೊಬ್ಬನೇ ಇರ್ಬೇಕು" ಎಂದರು.

"ಸನ್ಯಾಸ ತಗೊಳ್ಳೋದಾದ್ರೆ ಮೊದ್ಲು ಆ ಗ್ಯಾರೇಜ್ ಕ್ಲೀನ್ ಮಾಡಿ ತಗೊಳ್ಳಿ" ಎಂದಳು ಸುಧಾ. ಕುರ್ಚಿಯಲ್ಲಿ ಕೂತು ನಗುತ್ತಲೇ ಇದ್ದಳು.

ನೆರಿಗೆ ಹಿಂದೆ ಬರುತ್ತದೆ ಎಂದಾಗ ರಘುನಾಥರಿಗೆ ಬಹಳ ಸೋಜಿಗ. "ನಾವು ಪಂಚೇಲಿ ಮುಂದೆ ಹಿಡೀತೀವಿ, ಇವ್ರು ಹಿಂದೆ ಬಿಟ್ಟಿದಾರೆ. ಕೂತ್ಕೊಳ್ಳೋದು ಹೇಗಕ್ಕ?" ಹೇಗೆ ಕೂರಬೇಕೆಂದು ತೋರಿಸಿಕೊಟ್ಟೆ. ಎರಡು ಕೈಯಿಂದ ನೆರಿಗೆ ಒತ್ತಿ ಹಿಡಿದು ಕೂರುವುದನ್ನು ಬರೀ ಪ್ಯಾಂಟಿನಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿದರು. ಅಳತೆ ತೆಗೆದೆ. ಸೊಂಟ ನಲವತ್ತು, ಪೃಷ್ಠ ನಲವತ್ತಮೂರು, ಉದ್ದ ಇಪ್ಪತ್ತನಾಲ್ಕು. ಗಟ್ಟಿಯಾಗಿ ಓದದೆ ಪುಸ್ತಕದಲ್ಲಿ ಬರೆದುಕೊಂಡೆ.

ಮುಂದಿನ ತಿಂಗಳು ಎಲ್ಲವೂ ಮುಚ್ಚಿತು. ಎಪ್ಪತ್ತು ದಾಟಿದವರು ಮನೆಬಿಟ್ಟು ಬರಬಾರದೆಂದು ಹೇಳಿದ್ದರಿಂದ ನೊರೀನ್ ಒಳಗೇ ಉಳಿದಳು. ಅಂಗಡಿಯ ಹೊಲಿಗೆ ಯಂತ್ರ, ಇಸ್ತ್ರಿ ಹಲಗೆ ನನ್ನ ಊಟದ ಮನೆಗೆ ಬಂದವು. ಐದು ಕಿಲೋಮೀಟರ್ ದಾಟಿ ಓಡಾಡುವ ಹಾಗಿರಲಿಲ್ಲ. ಅಳತೆಯೆಲ್ಲ ಫೋನಿನಲ್ಲಿ. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ಇದು ಮಾಮೂಲಿ ಅನ್ನಿಸಬಹುದು, ನಮಗೆ ಆಗ ಕಣ್ಣುಕಟ್ಟಿ ಕಾಡಿಗೆ ಬಿಟ್ಟ ಹಾಗಿತ್ತು. ಒಬ್ಬ ಮನೆ ಕಟ್ಟುವವರ ಉಕ್ಕಿನ ಟೇಪು ಹೊಟ್ಟೆಗೆ ಸುತ್ತಿಕೊಂಡಿದ್ದ. ಒಬ್ಬಳು ಟೇಪಿನ ಹಿಂಬದಿಯ ಸೆಂಟಿಮೀಟರ್ ನೋಡಿ ಗಂಡನ ಸೊಂಟ ತೊಂಬತ್ತಾರು ಎಂದಳು. ಇನ್ನೊಬ್ಬ ದಪ್ಪ ಸ್ವೆಟರಿನ ಮೇಲೇ ಅಳೆದು ಕಳಿಸಿದ. ಫೋನಿನಲ್ಲಿ ಬರುವ ಸಂಖ್ಯೆಯನ್ನೆಲ್ಲ ನಾನು ನನ್ನ ಅಂದಾಜಿನ ಮೇಲೆ ಹೆಚ್ಚುಕಡಿಮೆ ಮಾಡಿ ಬರೆಯತೊಡಗಿದೆ. ಹತ್ತರಲ್ಲಿ ಒಂಬತ್ತು ಸರಿಯಾಗಿ ಕೂತವು. ನನಗೆ ಸ್ವಲ್ಪ ಜಂಬವೂ ಬಂದಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮೇಘನಾಳ ಮದುವೆ ಮುಂದಿನ ಬೇಸಗೆಗೆ ಹೋಯಿತು. ಕೇಸರಿ ಬಟ್ಟೆ ನೇಯುವ ಕಡೆಯಿಂದ ಬರುವ ಹೊತ್ತಿಗೆ ಅಕ್ಟೋಬರ್ ಆಗಿತ್ತು. ಆರು ತಿಂಗಳಿಗಿಂತ ಹಳೆಯ ಅಳತೆಯ ಮೇಲೆ ಕತ್ತರಿ ಹಾಕಬಾರದೆನ್ನುವುದು ನೊರೀನಳ ಕಟ್ಟಪ್ಪಣೆ. ಅಷ್ಟರಲ್ಲಿ ಅಂಗಡಿಗಳು ಮತ್ತೆ ಮುಚ್ಚಿದವು. ಸುಧಾಗೆ ಫೋನ್ ಮಾಡಿ ಟೇಪು ತೆಗೆದುಕೊಳ್ಳಲು ಹೇಳಿದೆ.

"ಟೇಪ್ ಹಿಡ್ಕೊಂಡಿದೀನಿ ಅಕ್ಕ, ಇವ್ರು ನಿಂತಿದಾರೆ. ಹೇಳಿ."

"ಬೆಲ್ಟ್ ತೆಗೆಸಿ ಸುಧಾ. ಹೊಕ್ಕುಳ ಮಟ್ಟಕ್ಕೆ ಹಿಡೀರಿ. ಅವ್ರು ಕೆಳಗೆ ನೋಡಬಾರದು."

"ರೀ, ಮೇಲೆ ನೋಡ್ರಿ. ಮೂವತ್ತೆಂಟು."

ಪುಸ್ತಕದಲ್ಲಿ ನಲವತ್ತು ಇತ್ತು. "ಎಳೆದು ಹಿಡಿದಿದೀರ. ಒಳಗೆ ಎರಡು ಬೆರಳು ಹೋಗ್ಬೇಕು" ಎಂದೆ.

"ಹೂಂ, ಈಗ ಮೂವತ್ತೆಂಟೂವರೆ."

ಪೃಷ್ಠದ ಅಳತೆ ಕೇಳಿದೆ. ನಲವತ್ತೂವರೆ ಎಂದಳು. ಉದ್ದ ಕೇಳಿದೆ. ಇಪ್ಪತ್ತನಾಲ್ಕು ಎಂದಳು.

ಈಗ ಇದನ್ನು ಓದುತ್ತಿರುವವರಿಗೆ ಕಾಣುತ್ತಿರುವುದು ಆಗ ನನಗೆ ಕಾಣಬೇಕಾಗಿತ್ತು. ಉದ್ದ ನಾನು ತೆಗೆದಷ್ಟೇ ಬಂದಿದೆ. ಅಂದರೆ ಅವಳ ಕೈ ಸರಿಯಾಗಿದೆ, ಹೊಕ್ಕುಳ ಮಟ್ಟವೂ ಸರಿಯಾಗಿ ಸಿಕ್ಕಿದೆ. ಸೊಂಟ ಒಂದೇ ಅಲ್ಲ, ಪೃಷ್ಠವೂ ಎರಡೂವರೆ ಇಂಚು ಇಳಿದಿದೆ. ಟೇಪು ತಪ್ಪಿಲ್ಲ, ಮನುಷ್ಯ ಇಳಿದಿದ್ದಾನೆ. ಆದರೆ ನಾನು ಆ ಅಂಚೆಯವನ ಕಿಲ್ಟನ್ನು ನೆನೆಸಿಕೊಂಡು, ಫೋನಿನ ಸಂಖ್ಯೆ ಯಾವಾಗಲೂ ಹೀಗೇ ಎಂದುಕೊಂಡು, ಸೊಂಟ ಮೂವತ್ತೊಂಬತ್ತೂವರೆ, ಪೃಷ್ಠ ನಲವತ್ತೆರಡೂವರೆ ಎಂದು ಬರೆದೆ.

ಫೋನ್ ಇಡುವ ಮುಂಚೆ ಸುಧಾಳ ದನಿ ಸಣ್ಣದಾಯಿತು. "ಅಕ್ಕ, ನಾನು ಅಡುಗೆಮನೆಗೆ ಬಂದಿದೀನಿ. ಇವ್ರು ಸ್ವಲ್ಪ ಇಳಿದಿದಾರೆ ಅನ್ಸುತ್ತೆ ನಂಗೆ. ಊಟನೂ ಕಮ್ಮಿ. ಫೆಬ್ರವರಿಲಿ ನೀವು ಎಷ್ಟು ಬರ್ಕೊಂಡಿದ್ರಿ?"

ಗಿರಾಕಿಗೆ ಸಂಖ್ಯೆ ಹೇಳುವ ಅಭ್ಯಾಸ ನನಗಿರಲಿಲ್ಲ. "ಸುಮಾರು ಅಷ್ಟೇ ಇತ್ತು" ಎಂದೆ. ಅಷ್ಟಕ್ಕೇ ಸುಮ್ಮನಾಗಲಿಲ್ಲ. "ಫೋನಲ್ಲಿ ಎಲ್ಲರದ್ದೂ ಒಂದೆರಡು ಇಂಚು ಕಮ್ಮಿನೇ ಬರುತ್ತೆ ಸುಧಾ. ನೀವು ಟೇಪ್ ಎಳೀತೀರ, ಅದಕ್ಕೇ. ಅವ್ರು ಗ್ರ್ಯಾಂಡ್ ಆಗಿದಾರೆ" ಎಂದೆ, ಚೆನ್ನಾಗಿದ್ದಾರೆ ಎನ್ನಲು ಇಲ್ಲಿಯವರು ಆಡುವ ಮಾತಿನಲ್ಲೇ.

"ಹೌದಾ? ಅಬ್ಬ. ಡಾಕ್ಟರ್‌ಗೆ ಫೋನ್ ಮಾಡೋಣ ಅಂತಿದ್ದೆ. ಈ ಟೈಮಲ್ಲಿ ಅವ್ರಿಗೆ ಯಾಕೆ ಸುಮ್ನೆ ತೊಂದ್ರೆ, ಅಲ್ವಾ?"

ನಾನು "ಹೂಂ" ಎಂದೆ.

ಡಿಸೆಂಬರಿನಲ್ಲಿ ಕೆಲವು ವಾರ ಅಂಗಡಿ ತೆರೆಯಲು ಬಿಟ್ಟರು. ಒಳಗೆ ಒಬ್ಬ ಗಿರಾಕಿ ಮಾತ್ರ ಇರಬಹುದಾಗಿತ್ತು. ಸುಧಾ ಕಾರಿನಲ್ಲಿ ಕೂತಿದ್ದಳು, ರಘುನಾಥ್ ಒಬ್ಬರೇ ಮಾಸ್ಕ್ ಹಾಕಿಕೊಂಡು ಬಂದರು. ದಪ್ಪ ಕೋಟು ಹಾಕಿದ್ದರು. ಕಣ್ಣೆರಡು ಬಿಟ್ಟು ಮುಖದಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಪರದೆಯ ಹಿಂದೆ ಹೋಗಿ ಕಿಲ್ಟ್ ಉಟ್ಟುಕೊಂಡು ಬಂದವರು ಅದನ್ನು ಎರಡು ಕೈಯಿಂದ ಹಿಡಿದುಕೊಂಡಿದ್ದರು. "ನಿಲ್ತಿಲ್ಲ ಅಕ್ಕ" ಎಂದರು.

ಹತ್ತಿರ ಹೋಗಿ ಬಕಲನ್ನು ಕೊನೆಯ ತೂತಿಗೆ ಬಿಗಿದೆ. ಕೈ ಬಿಟ್ಟ ತಕ್ಷಣ ಜಾರಿತು. ಟೇಪು ತೆಗೆದು ಅವರ ಬೆನ್ನ ಹಿಂದಿನಿಂದ ಸುತ್ತಿದೆ. ಶರ್ಟಿನ ಕೆಳಗೆ ಸೊಂಟದ ಮೂಳೆ ನನ್ನ ಬೆರಳಿಗೆ ತಾಕಿತು. ಮೂವತ್ತಾರೂವರೆ. ಎರಡು ಬೆರಳು ಒಳಗಿಟ್ಟು ಮತ್ತೆರಡು ಸಲ ನೋಡಿದೆ. ಅಷ್ಟೇ ಬಂತು.

"ಎಷ್ಟಿದೆ?" ಎಂದು ಕೇಳಿದರು.

ನಾನು ಟೇಪನ್ನು ಮಡಿಸತೊಡಗಿದೆ. ಅವರು ಕನ್ನಡಿಯಲ್ಲಿ ನನ್ನ ಕಣ್ಣನ್ನೇ ನೋಡುತ್ತಿದ್ದರು.

"ಹೇಳಿ ಅಕ್ಕ. ನಂಗೂ ಗೊತ್ತಾಗ್ತಿದೆ. ಬೆನ್ನು ನೋವು, ಊಟ ಸೇರಲ್ಲ. ಸುಧಾ ಏನೋ, ವಿಮಲಕ್ಕ ಹೇಳಿದ್ರು, ಟೇಪ್ ಎಳೆದಿದ್ದಕ್ಕೆ ಹಾಗೆ ಬಂತಂತೆ ಅಂದ್ಲು. ಅವ್ಳು ಖುಷಿಯಾಗಿದ್ಲಲ್ಲ ಅಂತ ನಾನೂ ಸುಮ್ನಿದ್ದೆ."

ನಾನು ಹೇಳಿದೆ. ಫೆಬ್ರವರಿಯಲ್ಲಿ ಎಷ್ಟಿತ್ತು, ಅಕ್ಟೋಬರಿನಲ್ಲಿ ಸುಧಾ ಎಷ್ಟು ಹೇಳಿದಳು, ನಾನು ಎಷ್ಟು ಬರೆದೆ, ಈಗ ಎಷ್ಟಿದೆ, ಎಲ್ಲವನ್ನೂ ಹೇಳಿದೆ. "ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಅಳತೆ ಸಮೇತ ಹೇಳಿ" ಎಂದೆ. ಅವರು ತಲೆಯಾಡಿಸಿದರು. ಪರದೆಯ ಹಿಂದೆ ಪ್ಯಾಂಟು ಹಾಕಿಕೊಳ್ಳಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಹೊರಡುವಾಗ ಕಿಲ್ಟನ್ನು ತಾವೇ ಮಡಿಸಿ ಮೇಜಿನ ಮೇಲಿಟ್ಟು, "ಚೆನ್ನಾಗಿ ಹೊಲಿದಿದೀರ" ಎಂದರು.

ಜನವರಿಯಲ್ಲಿ ಆಸ್ಪತ್ರೆಯವರು ಹೇಳಿದರು. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ. ಅಲ್ಲಿಂದ ಯಕೃತ್ತಿಗೂ ಹಬ್ಬಿದೆ, ಶಸ್ತ್ರಚಿಕಿತ್ಸೆ ಮಾಡುವ ಹಾಗಿಲ್ಲ. ನನಗೆ ಈ ಸುದ್ದಿ ತಿಳಿಸಿದ್ದು ಮೇಘನಾ. ಅವಳು ಕಾರ್ಕಿನಲ್ಲೇ ಬೆಳೆದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಅಪ್ಪನ ಕಿಲ್ಟಿನ ವಿಷಯ ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಮದುವೆಯನ್ನು ಮಾರ್ಚಿಗೆ ತಂದಿದ್ದೇವೆ, ಆರು ಜನಕ್ಕೆ ಮಾತ್ರ ಅವಕಾಶ, ಎರಡೂ ಕಡೆಯ ಅಪ್ಪ ಅಮ್ಮ ಮತ್ತೆ ಕಾನರನ ಅಣ್ಣ, ಅತ್ತಿಗೆ ಎಂದು ಹೇಳಿದಳು. ಆಮೇಲೆ ತಡೆತಡೆದು ಕನ್ನಡದಲ್ಲೇ, "ಆಂಟಿ, ಅಪ್ಪಂಗೆ ಕಿಲ್ಟ್ ಬೇಕಂತೆ. ಬಿಗಿ ಮಾಡಿ ಕೊಡ್ತೀರಾ?" ಎಂದಳು.

ಬಿಗಿ ಮಾಡುವುದಲ್ಲ, ಎಲ್ಲ ಬಿಚ್ಚಬೇಕಾಗಿತ್ತು. ಅಂಗಡಿ ಮತ್ತೆ ಮುಚ್ಚಿತ್ತು. ಊಟದ ಮೇಜಿನ ಮೇಲೆ ಹಾಸಿಕೊಂಡು ಒಂದೊಂದೇ ನೆರಿಗೆ ಬಿಚ್ಚಿದೆ. ಎಂಟು ಗಜ ಕೇಸರಿ ಬಟ್ಟೆ ಮೇಜು ತುಂಬಿ ನೆಲಕ್ಕಿಳಿಯಿತು. ಫೆಬ್ರವರಿ ಕೊನೆಗೆ ಸುಧಾಗೆ ಫೋನ್ ಮಾಡಿದೆ. ಡಿಸೆಂಬರಿನ ನಂತರ ನಾವಿಬ್ಬರೂ ಮಾತಾಡಿರಲಿಲ್ಲ.

"ಮೂವತ್ತಮೂರೂವರೆ" ಎಂದಳು. ನಾನು ಕೇಳುವ ಮೊದಲೇ, "ಎರಡು ಬೆರಳು ಒಳಗಿಟ್ಟೇ ತಗೊಂಡಿದೀನಿ ಅಕ್ಕ. ನಾಲ್ಕು ಸಲ ನೋಡ್ದೆ" ಎಂದಳು.

"ಸರಿಯಾಗಿದೆ ಸುಧಾ" ಎಂದೆ.

ಹಿಂದಿನಿಂದ ರಘುನಾಥರ ದನಿ ಕೇಳಿತು. "ಅಕ್ಕ, ಎಷ್ಟು ಬರ್ಕೊಂಡ್ರಿ? ಈ ಸಲ ಜೋರಾಗಿ ಹೇಳಿ."

"ಮೂವತ್ತಮೂರೂವರೆ ರಘು ಅವ್ರೇ" ಎಂದೆ.

ಬರೆದುಕೊಂಡದ್ದು ಬೇರೆ. ಮದುವೆಗೆ ಇನ್ನೂ ಮೂರು ವಾರ ಇತ್ತು. ಈಗಿನ ಅಳತೆಗೆ ಹೊಲಿದರೆ ಅವತ್ತಿಗೆ ಮತ್ತೆ ಜಾರುತ್ತದೆ. ಡಿಸೆಂಬರಿನಿಂದ ಎಷ್ಟು ಇಳಿದಿದ್ದಾರೆ, ವಾರಕ್ಕೆ ಎಷ್ಟಾಯಿತು ಎಂದು ಪೆನ್ಸಿಲಿನಲ್ಲಿ ಲೆಕ್ಕ ಹಾಕಿದೆ. ಒಬ್ಬ ಮನುಷ್ಯ ಇನ್ನೆಷ್ಟು ಸವೆಯುತ್ತಾನೆ ಎಂದು ಲೆಕ್ಕ ಹಾಕುತ್ತ ಕೂತಿದ್ದೇನಲ್ಲ ಎಂದು ಮಧ್ಯೆ ಪೆನ್ಸಿಲ್ ಇಟ್ಟು ಎದ್ದುಹೋದೆ. ನೊರೀನ್‌ಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವಳು, "ನಮ್ಮ ಅಪ್ಪನಿಗೂ ಹೀಗೇ ಹೊಲಿದಿದ್ದೆ. ಕಮ್ಮಿ ಬರಿ ವಿಮ್ಲಾ. ಎಲ್ಲರ ಮುಂದೆ ಅವನು ಅದನ್ನ ಕೈಯಲ್ಲಿ ಹಿಡ್ಕೊಂಡು ನಿಲ್ಲೋ ಹಾಗೆ ಮಾಡ್ಬೇಡ" ಎಂದಳು. ಮೂವತ್ತೆರಡು ಎಂದು ಬರೆದೆ. ಸ್ವಲ್ಪ ಹೆಚ್ಚಾದರೆ ಇರಲಿ ಎಂದು ಪಟ್ಟಿಯನ್ನು ಉದ್ದ ಬಿಟ್ಟು ತೂತು ಜಾಸ್ತಿ ಹಾಕಿದೆ. ಬಟ್ಟೆ ಮೂಳೆಗೆ ಒತ್ತದಿರಲೆಂದು ಸೊಂಟದ ಒಳಭಾಗಕ್ಕೆ ಮೆತ್ತನೆಯ ಹತ್ತಿ ಬಟ್ಟೆ ಹೊಲಿದೆ. ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ.

ಮದುವೆಯ ದಿನ ಉಳಿದ ನಾವೆಲ್ಲ ನೋಡಿದ್ದು ಲ್ಯಾಪ್‌ಟಾಪಿನಲ್ಲಿ. ಸಣ್ಣದೊಂದು ಕೋಣೆ, ದೂರ ದೂರ ಇಟ್ಟ ಕುರ್ಚಿಗಳು. ರಘುನಾಥ್ ಕೋಲು ಹಿಡಿದುಕೊಂಡು ಮಗಳ ಪಕ್ಕ ನಡೆದು ಬಂದರು. ಮೇಲೆ ಕಪ್ಪು ಕೋಟು, ಕೆಳಗೆ ಕೇಸರಿ ಕಿಲ್ಟು, ಉದ್ದ ಕಾಲುಚೀಲ. ಮೊಣಕಾಲು ಎರಡು ಗೂಟದ ಹಾಗಿದ್ದವು. ನಾನು ನೋಡಿದ್ದು ಮುಖವನ್ನಲ್ಲ, ಸೊಂಟವನ್ನು. ಹೊಕ್ಕುಳ ಮಟ್ಟಕ್ಕೆ ನೆಟ್ಟಗೆ ಕೂತಿತ್ತು. ನೆರಿಗೆ ಒಂದೂ ಬಾಯಿ ಬಿಟ್ಟಿರಲಿಲ್ಲ. ಕುರ್ಚಿಯ ಹತ್ತಿರ ಬಂದಾಗ ಅವರು ಕೋಲನ್ನು ಮೇಘನಾಳ ಕೈಗೆ ಕೊಟ್ಟು, ಎರಡು ಕೈಯಿಂದ ನೆರಿಗೆ ಒತ್ತಿ ಹಿಡಿದು ನಿಧಾನವಾಗಿ ಕೂತರು. ಕಾನರನ ಅಪ್ಪ ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸಿದ. ನಮ್ಮ ಯಜಮಾನರು, "ಸರಿಯಾಗಿ ಕೂತಿದೆಯಲ್ಲ, ಯಾಕೆ ಅಳ್ತಿದೀಯ?" ಎಂದರು. ಹೊಲಿದ ಬಟ್ಟೆ ಸರಿಯಾಗಿ ಕೂತಿದ್ದಕ್ಕೆ ನಾನು ಅತ್ತಿದ್ದು ಅದೊಂದೇ ಸಲ.

ಏಪ್ರಿಲ್ ಮೂರನೇ ವಾರ ಅವರು ತೀರಿಕೊಂಡರು. ಹತ್ತು ಜನಕ್ಕಿಂತ ಹೆಚ್ಚು ಸೇರುವ ಹಾಗಿರಲಿಲ್ಲ. ಇಲ್ಲಿಯವರು ಆಗ ಒಂದು ರೂಢಿ ಮಾಡಿಕೊಂಡಿದ್ದರು. ಶವದ ಗಾಡಿ ಹೋಗುವ ದಾರಿಯಲ್ಲಿ, ರಸ್ತೆಯ ಎರಡೂ ಬದಿ, ದೂರ ದೂರ ನಿಂತುಕೊಳ್ಳುವುದು. ರಿಂಗಾಸ್ಕಿಡಿ ಕಡೆಯ ಚಿತಾಗಾರಕ್ಕೆ ಹೋಗುವ ರಸ್ತೆಯಲ್ಲಿ ನಾವೂ ಹೋಗಿ ನಿಂತೆವು. ಪ್ರಯೋಗಾಲಯದವರು, ಅಕ್ಕಪಕ್ಕದ ಮನೆಯವರು, ಕನ್ನಡದವರು, ಎಲ್ಲ ಮಾಸ್ಕ್ ಹಾಕಿಕೊಂಡು ಒಬ್ಬರ ಹತ್ತಿರ ಒಬ್ಬರು ಹೋಗದೆ ನಿಂತಿದ್ದರು. ತಿರುವಿನಲ್ಲಿ ಕಾನರನ ಅಜ್ಜ ಕಿಲ್ಟ್ ಉಟ್ಟು ಪೈಪ್ ನುಡಿಸುತ್ತಿದ್ದ. ಗಾಡಿ ನಮ್ಮ ಮುಂದೆ ಹಾದುಹೋಯಿತು. ಹಿಂದಿನ ಕಾರಿನಲ್ಲಿ ಸುಧಾ ಕಿಟಕಿಯ ಪಕ್ಕ ಕೂತಿದ್ದಳು. ನಾನು ಕೈಮುಗಿದೆ. ಅವಳು ನನ್ನನ್ನು ನೋಡಿದಳೋ ಇಲ್ಲವೋ ತಿಳಿಯಲಿಲ್ಲ.

ಆಮೇಲೆ ಅಂಗಡಿ ತೆರೆಯಿತು, ಜನ ಬಂದರು. ನಾನು ಇನ್ನೆರಡು ವರ್ಷ ಕೆಲಸ ಮಾಡಿದೆ. ಫೋನಿನಲ್ಲಿ ಬಂದ ಸಂಖ್ಯೆಯನ್ನು ತಿದ್ದುವುದನ್ನು ಬಿಟ್ಟೆ. ಹಳೆಯ ಅಳತೆಗೂ ಹೊಸದಕ್ಕೂ ವ್ಯತ್ಯಾಸ ಬಂದರೆ ಎರಡನ್ನೂ ಗಿರಾಕಿಗೆ ಹೇಳುತ್ತಿದ್ದೆ. ಆ ಇಬ್ಬರು ಹೆಣ್ಣುಮಕ್ಕಳಿಗೆ ನಾನು ಹೇಳದೆ ಬಿಟ್ಟದ್ದು ಇದನ್ನೇ. ಒಂದು ಸಲ ಮಗನ ಮದುವೆಗೆಂದು ಬಂದ ಒಬ್ಬರ ಸೊಂಟ ಹಿಂದಿನದಕ್ಕಿಂತ ಮೂರು ಇಂಚು ಕಡಿಮೆ ಬಂತು. ಹುಷಾರಾಗಿದೀರಾ ಎಂದೆ. ಗ್ರ್ಯಾಂಡ್ ಎಂದರು. ಈ ಊರಿನಲ್ಲಿ ಸಾಯುವವನೂ ಗ್ರ್ಯಾಂಡ್ ಎನ್ನುತ್ತಾನೆಂದು ಅಷ್ಟು ಹೊತ್ತಿಗೆ ನನಗೆ ಗೊತ್ತಿತ್ತು. ಮತ್ತೊಮ್ಮೆ ಕೇಳಿದೆ. ಹೆಂಡತಿ ಹೋದ ಮೇಲೆ ಒಬ್ಬರೇ ಕೂತು ಉಣ್ಣಲು ಆಗುತ್ತಿಲ್ಲ ಎಂದು ಹೇಳಿ, ಟೇಪು ಸೊಂಟದಲ್ಲಿದ್ದ ಹಾಗೆಯೇ ಕುರ್ಚಿಗೆ ಒರಗಿದರು. ಅವತ್ತು ಬೇರೇನೂ ಕೆಲಸ ಆಗಲಿಲ್ಲ.

ಸುಧಾ ನನಗೆ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಯುಗಾದಿಗೆ ಜನ ಸೇರಿದಾಗ ಅವಳು ಒಂದು ಮೂಲೆಯಲ್ಲಿ, ನಾನು ಇನ್ನೊಂದು ಮೂಲೆಯಲ್ಲಿ. ನಾನು ಕೆಲಸ ಬಿಟ್ಟ ವರ್ಷ ಮೊಣಕಾಲಿನ ಆಪರೇಷನ್ ಆಗಿ ಮನೆಯಲ್ಲಿದ್ದಾಗ ಒಂದು ಶನಿವಾರ ಬೆಲ್ ಆಯಿತು. ತೆಗೆದರೆ ಅವಳು, ಕೈಯಲ್ಲಿ ಒಂದು ಡಬ್ಬಿ ಚಟ್ನಿಪುಡಿ. ಕೂತಳು. ಮೇಘನಾಳ ಮನೆ ವಿಷಯ, ನನ್ನ ಕಾಲಿನ ವಿಷಯ ಮಾತಾಡಿದೆವು. ಅವಳು ಏಳಬಹುದು ಅನ್ನಿಸಿದಾಗ ನಾನು ತಡೆಯಲಾರದೆ ಹೇಳಿದೆ.

"ಸುಧಾ, ಆ ಅಕ್ಟೋಬರಲ್ಲಿ ನಿಮ್ಮ ಟೇಪ್ ಸರಿಯಾಗಿತ್ತು. ನೀವು ಎಳೆದಿರ್ಲಿಲ್ಲ. ನಾನೇ ತಪ್ಪು ಹೇಳ್ದೆ. ಫೆಬ್ರವರಿ ಅಳತೆನೂ ಸುಳ್ಳು ಹೇಳ್ದೆ."

"ಗೊತ್ತು ಅಕ್ಕ" ಎಂದಳು. "ಡಿಸೆಂಬರಲ್ಲಿ ಅಂಗಡಿಯಿಂದ ಕಾರಿಗೆ ಬಂದ ತಕ್ಷಣ ಇವ್ರು ಎಲ್ಲ ಹೇಳಿದ್ರು."

"ಮತ್ತೆ ಇಷ್ಟು ದಿನ ಒಂದು ಮಾತೂ ಆಡ್ಲಿಲ್ಲ?"

"ಏನಂತ ಆಡ್ಲಿ? ಡಾಕ್ಟರನ್ನ ಕೇಳ್ದೆ, ಆರು ವಾರ ಮುಂಚೆ ಬಂದಿದ್ರೆ ಉಳೀತಿದ್ರಾ ಅಂತ. ಹೇಳಕ್ಕಾಗಲ್ಲ ಅಂದ್ರು. ಆಗಲ್ಲ ಅಂದಿದ್ರೆ ನಿಮ್ಮನ್ನ ಬಿಟ್ಬಿಡ್ತಿದ್ದೆ. ಆಗ್ತಿತ್ತು ಅಂದಿದ್ರೆ ಬಂದು ಜಗಳ ಆಡ್ತಿದ್ದೆ. ಹೇಳಕ್ಕಾಗಲ್ಲ ಅಂದ್ರೆ ನಾನೇನ್ ಮಾಡ್ಲಿ?" ಸೆರಗಿನ ತುದಿಯಿಂದ ಕನ್ನಡಕ ಒರೆಸಿಕೊಂಡಳು. "ಆ ಆರು ವಾರ ನಾವು ನೆಮ್ಮದಿಯಾಗಿದ್ವಿ ಅಕ್ಕ. ಇವ್ರು ದಿನಾ ಸಂಜೆ ಬೆಡ್‌ಶೀಟ್ ಸುತ್ಕೊಂಡು ಕೂರೋದು ಏಳೋದು ಪ್ರಾಕ್ಟೀಸ್ ಮಾಡೋರು. ನಾನು ನಗ್ತಿದ್ದೆ. ಅದನ್ನ ನೀವು ಕೊಟ್ರಿ ಅನ್ಲಾ, ಬೇರೆ ಏನೋ ಕಿತ್ಕೊಂಡ್ರಿ ಅನ್ಲಾ, ನಂಗೆ ಇವತ್ತಿಗೂ ತಿಳಿಯಲ್ಲ."

"ನನ್ನ ಮೇಲೆ ಸಿಟ್ಟು ಹೋಗಿದೆಯಾ?" ಎಂದು ಕೇಳಿದೆ.

ಅವಳು ಕನ್ನಡಕ ಹಾಕಿಕೊಂಡು ನನ್ನನ್ನು ನೇರವಾಗಿ ನೋಡಿದಳು. "ಪೂರ್ತಿ ಹೋಗಿಲ್ಲ ಅಕ್ಕ. ಆದ್ರೂ ಬಂದೆ."

ನಾನು ಊರುಗೋಲು ಹಿಡಿದು ಎದ್ದು ಒಳಗೆ ಹೋಗಿ ಅನ್ನಕ್ಕಿಟ್ಟೆ. ಅವಳು ಹಿಂದೆಯೇ ಬಂದು ಹುರುಳಿಕಾಯಿ ಹೆಚ್ಚತೊಡಗಿದಳು.